ಕುಂಟಿದ ಕುದುರೆಯೂ ಕಾರಣವಿಚಾರವೂ

ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಮನುಷ್ಯನ ಬುದ್ಧಿಗೆ ಸಹಜವಾದ ಧರ್ಮ. ಹೊಗೆಯನ್ನು ಕಂಡವನು ಬೆಂಕಿಯನ್ನು ನೆನೆಯದೆ ಇರಲಾರನು. ಆದರೆ ಈ ಊಹೆಯು ಎಲ್ಲಿಯವರೆಗೆ ಜ್ಞಾನವೆನಿಸುವುದು, ಎಲ್ಲಿಂದ ಮುಂದೆ ಅಪರಾಧವಾಗುವುದು ಎಂದು ವಿಚಾರಿಸುವವರು ವಿರಳ. ಊಹೆ ತಪ್ಪಿದರೆ ಊಹಿಸಿದವನ ಬುದ್ಧಿಗೆ ಮಾತ್ರ ಕುಂದೆಂದು ಸಾಮಾನ್ಯವಾಗಿ ಭಾವಿಸುವರು. ವಾಸ್ತವದಲ್ಲಿ ಆ ತಪ್ಪಿನ ಬೆಲೆಯನ್ನು ಅನೇಕ ವೇಳೆ ತೆರುವವನು ಬೇರೊಬ್ಬನು. ಕೆಲವು ವೇಳೆ, ತನ್ನ ಪಕ್ಷವನ್ನು ತಾನೇ ಹೇಳಿಕೊಳ್ಳಲು ಬಾಯಿಲ್ಲದ ಪ್ರಾಣಿ. ಆದುದರಿಂದ ಇದು ತರ್ಕದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಅಹುದು. ಇದಕ್ಕೆ, ಇದ್ದಕ್ಕಿದ್ದಂತೆ ಕುಂಟಿದ ಕುದುರೆಗಿಂತ ಸ್ಫುಟವಾದ ದೃಷ್ಟಾಂತವು ದೊರೆಯುವುದು ಕಷ್ಟ.

ಈ ಸೀಮೆಗೆ ಕುದುರೆ ಹೊಸದಲ್ಲ. ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಯಲ್ಪಡುತ್ತಿದ್ದ ಊರಿಗೆ ಪಾಂಡವಪುರವೆಂಬ ಹೆಸರು ಬರಲು ಕುಂತಿಬೆಟ್ಟದ ಐತಿಹ್ಯವೇ ಆಧಾರ. ಆ ಪಾಂಡವರಲ್ಲಿ ನಾಲ್ಕನೆಯವನಾದ ನಕುಲನು ವಿರಾಟನ ಮನೆಯಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ನೋಡಿಕೊಂಡಿದ್ದವನು. ಅಶ್ವಶಾಸ್ತ್ರವೊಂದು ಅವನ ಹೆಸರಿನಲ್ಲಿಯೇ ಪ್ರಚಾರದಲ್ಲಿದೆ. ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದಲ್ಲಿ ಆನೆಯ ಸಾಲಿನ ಮೇಲೆ ರಾವುತರ ಸಾಲು ಓಡುತ್ತಿದೆ. ನಾಗಮಂಗಲದ ನೆರೆಯ ಕುಣಿಗಲು ಹೈದರ್ ಮತ್ತು ಟೀಪೂ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದುದು. ಶ್ರೀರಂಗಪಟ್ಟಣವಂತೂ ಲಾಯಗಳ ಊರಾಗಿದ್ದುದೇ ಸರಿ.

ಆ ಶ್ರೀರಂಗಪಟ್ಟಣದ ಕೋಟೆಯಿಂದ ಗಂಜಾಮಿನ ಕಡೆಗೆ ಹೊರಟ ಒಂದು ಜಟಕಾ ಕುದುರೆಯು ಅರ್ಧದಾರಿಯಲ್ಲಿ ಹಠಾತ್ತಾಗಿ ಕುಂಟತೊಡಗಿತೆಂದು ಭಾವಿಸೋಣ. ಸುತ್ತ ನಾಲ್ವರು ಸೇರುವರು. ಒಬ್ಬನು, “ನಿನ್ನೆ ತಾನೆ ಲಾಳ ಕಟ್ಟಿಸಿದ್ದಲ್ಲವೇ? ಕಟ್ಟಿದವನೇ ಕೆಡಿಸಿದ” ಎನ್ನುವನು. ಇನ್ನೊಬ್ಬನು ದಾರಿಯ ಕಲ್ಲನ್ನು ತೋರಿಸುವನು. ಮತ್ತೊಬ್ಬನು ಯಾರದೋ ದೃಷ್ಟಿ ತಾಕಿತೆನ್ನುವನು. ಹೊತ್ತಾಯಿತೆಂದು ತವಕಿಸುತ್ತಿರುವ ಪ್ರಯಾಣಿಕನು, “ಇದೆಲ್ಲ ಸೋಗು, ಎರಡು ಏಟು ಬಿದ್ದರೆ ತಾನೇ ಓಡುತ್ತದೆ” ಎನ್ನುವನು. ನಾಲ್ವರಲ್ಲಿ ಒಬ್ಬನೂ ಕಾಲನ್ನು ಎತ್ತಿ ನೋಡಿರುವುದಿಲ್ಲ. ಅವರವರು ಹೇಳಿದ ಕಾರಣವು ಕುದುರೆಯ ಕಾಲಿನಿಂದ ಹುಟ್ಟಿದುದಲ್ಲ. ಅವರವರ ಮನಸ್ಸಿನಲ್ಲಿ ಮೊದಲೇ ಇದ್ದ ಮುನಿಸು, ಭಯ, ಆತುರಗಳಿಂದ ಹುಟ್ಟಿದುದು.

ಬಲ್ಲವರು ನೋಡುವ ಕ್ರಮವೇ ಬೇರೆ. ಅವರು ಮೊದಲು ಕುದುರೆಯನ್ನು ನಿಲ್ಲಿಸಿ ನೋಡುವರು. ಬಳಿಕ ಸಮನೆಲದಲ್ಲಿ ನೇರವಾಗಿ ನಡೆಸಿ ನೋಡುವರು. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುವುದು; ಸ್ವಸ್ಥವಾದ ಕಾಲು ತಾಗಿದಾಗ ತಲೆ ತಗ್ಗುವುದು. ತಲೆ ತಗ್ಗುವುದೇ ಕಣ್ಣಿಗೆ ಮೊದಲು ಬೀಳುವುದರಿಂದ ಅರಿಯದವನು ಒಳ್ಳೆಯ ಕಾಲನ್ನೇ ಕೆಟ್ಟ ಕಾಲೆಂದು ಹಿಡಿಯುವನು. ಕಾಲು ಯಾವುದೆಂದು ತಿಳಿದ ಮೇಲೆ ಪರೀಕ್ಷೆಯು ಗೊರಸಿನಿಂದ ಆರಂಭವಾಗಿ ಮೇಲಕ್ಕೆ ಸಾಗುವುದು. ಮುಂಗಾಲಿನ ಕುಂಟಿಗೆ ಬಹುಮಟ್ಟಿಗೆ ಗೊರಸೇ ನೆಲೆ. ಗೊರಸು ಬಿಸಿಯಾಗಿದೆಯೇ, ಅದರ ಮೇಲ್ಗಡೆಯ ನಾಡಿ ಬಲವಾಗಿ ಬಡಿಯುತ್ತಿದೆಯೇ, ಒತ್ತಿದರೆ ಯಾವ ಸ್ಥಳದಲ್ಲಿ ಬೆಚ್ಚುವುದು ಎಂದು ಒಂದೊಂದಾಗಿ ನೋಡತಕ್ಕದ್ದು. ಇದರಿಂದಲೂ ತಿಳಿಯದಿದ್ದರೆ ಪಶುವೈದ್ಯರು ಸ್ಪರ್ಶಜ್ಞಾನವನ್ನು ತಡೆಯುವ ಔಷಧವನ್ನು ಕಾಲಿನ ಕೆಳಭಾಗದಿಂದ ಕ್ರಮವಾಗಿ ಮೇಲಕ್ಕೆ ಚುಚ್ಚುತ್ತ ಬರುವರು. ಯಾವ ಭಾಗ ಜಡವಾದಾಗ ಕುಂಟು ನಿಲ್ಲುವುದೋ ನೋವು ಅಲ್ಲಿಯದೆಂದು ನಿಶ್ಚಯಿಸುವರು.

ಹೀಗೆ ಹುಡುಕಿದಾಗ ಹೊರಬರುವ ಕಾರಣಗಳು ಊಹೆಯನ್ನು ನಾಚಿಸುವಂಥವು. ಮುರಿದ ಎಲುಬೆಂದು ಭಯಪಡುವಷ್ಟು ಕಾಲೂರದೆ ನಿಂತ ಕುದುರೆಯ ಗೊರಸಿನೊಳಗೆ ಒಂದಿಷ್ಟು ಕೀವು ಕಟ್ಟಿರುವುದು. ಅದನ್ನು ಹೊರಬಿಟ್ಟರೆ ಬೇಗನೆ ಚೇತರಿಸಿಕೊಳ್ಳುವುದು. ಲಾಳದ ಮೊಳೆಯು ಸೂಕ್ಷ್ಮವಾದ ಭಾಗಕ್ಕೆ ಸಮೀಪವಾಗಿ ಹೋಗಿದ್ದರೆ ನೋವು ಆ ದಿನವೇ ಕಾಣದೆ ಕೆಲವು ದಿನಗಳ ಮೇಲೆ ಕಾಣಬಹುದು. ಧಾನ್ಯದ ಮೂಟೆಗೆ ಬಾಯಿಹಾಕಿ ಮಿತಿಮೀರಿ ತಿಂದ ಕುದುರೆಗೆ ಹೊಟ್ಟೆಯ ದೋಷವು ಗೊರಸಿಗೆ ಇಳಿದು ಉರಿಯೂತವಾಗುವುದು. ಒಡೆಯನು ಪ್ರೀತಿಯಿಂದ ಎರಡು ದಿನ ವಿಶ್ರಾಂತಿ ಕೊಟ್ಟು, ದುಡಿಯುವ ದಿನದಷ್ಟೇ ಧಾನ್ಯವನ್ನೂ ಇಟ್ಟು, ಮೂರನೆಯ ದಿನ ಬಂಡಿಗೆ ಹೂಡಿದರೆ ಸೊಂಟದ ಮಾಂಸಖಂಡಗಳು ಬಿಗಿದು ಅದು ನಿಂತೇಬಿಡಬಹುದು. ಅಲ್ಲಿ ಕಾಲಿಗೆ ಯಾವ ರೋಗವೂ ಇಲ್ಲ. ಕಲ್ಲೂ ಇಲ್ಲ, ಮೊಳೆಯೂ ಇಲ್ಲ. ಅಳತೆಯರಿಯದ ವಾತ್ಸಲ್ಯವೇ ಕಾರಣ.

ಇಷ್ಟೊಂದು ದಾರಿಗಳಿರುವಾಗ ಕಾರ್ಯದಿಂದ ಕಾರಣವನ್ನು ಊಹಿಸುವುದೇ ವ್ಯರ್ಥವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವನ್ನು ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿಯೇ ಎತ್ತಿ ಉತ್ತರಿಸಿದೆ. ನದಿ ತುಂಬಿದುದನ್ನು ಕಂಡು ಮೇಲೆ ಮಳೆಯಾಯಿತೆಂದು ಊಹಿಸುವರು. ಆದರೆ ಅಡ್ಡಗಟ್ಟೆಯಿಂದಲೂ ನದಿ ತುಂಬೀತು. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುವುದೆನ್ನುವರು. ಅವುಗಳ ಗೂಡು ಕೆಟ್ಟುದರಿಂದಲೂ ಹೊರಟಾವು. ನವಿಲಿನ ಕೂಗೆಂದು ಕೇಳಿದ್ದು ಮನುಷ್ಯನ ಅನುಕರಣವಾಗಿದ್ದೀತು. ಕಾವೇರಿಯ ದಡದವರಿಗೆ ಮೊದಲನೆಯ ದೃಷ್ಟಾಂತವು ಕಣ್ಣೆದುರಿಗೇ ಇದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಮುಂಚೆ ಶ್ರೀರಂಗಪಟ್ಟಣದಲ್ಲಿ ಹೊಳೆ ಏರಿದರೆ ಕೊಡಗಿನ ಕಡೆ ಮಳೆಯೆಂದು ಹೇಳಬಹುದಾಗಿತ್ತು. ಕಟ್ಟೆಯಾದ ಮೇಲೆ ಹೊಳೆಯ ಏರಿಳಿತಕ್ಕೂ ಮಳೆಗೂ ನಡುವೆ ಬಾಗಿಲುಗಳು ಬಂದುವು. ಬಾಗಿಲು ಮುಚ್ಚಿದ್ದರೆ ಮಳೆ ಸುರಿಯುತ್ತಿದ್ದರೂ ಕೆಳಗೆ ಹೊಳೆ ಬಡವಾಗಿರುವುದು. ತೆರೆದರೆ ಅಂದು ಮಳೆಯಿಲ್ಲದಿದ್ದರೂ ತುಂಬಿ ಹರಿಯುವುದು. ಕುದುರೆಯಲ್ಲಿಯೂ ಹಾಗೆಯೇ. ನೆಟ್ಟನೆ ನಿಂತುದು ಕಾಲುನೋವಿನಿಂದಲೇ ಆಗಬೇಕಾಗಿಲ್ಲ, ಹೆಗಲಿಗೆ ಉಜ್ಜುವ ಜೀನಿನಿಂದಲೂ ಆಗಬಹುದು. ಹಿಂಗಾಲಿನ ನೋವು ಅದೇ ಪಕ್ಕದ ಮುಂಗಾಲಿನದೆಂಬಂತೆ ತೋರಬಹುದು.

ಸೂತ್ರಕಾರನ ಉತ್ತರವು ಗಮನಾರ್ಹವಾದುದು. ಮಳೆಯಿಂದ ಬಂದ ಪ್ರವಾಹಕ್ಕೂ ಕಟ್ಟೆಯಿಂದ ನಿಂತ ನೀರಿಗೂ ವಿಶೇಷವುಂಟು. ಮಳೆಯ ನೀರು ವೇಗವಾಗಿ, ನೊರೆಗೂಡಿ, ಎಲೆ, ಕಾಯಿ, ಕಟ್ಟಿಗೆಗಳನ್ನು ಹೊತ್ತು ಬರುವುದು. ಆ ವಿಶೇಷವನ್ನು ನೋಡದೆ ಬರಿಯ ತುಂಬುವಿಕೆಯನ್ನೇ ಗುರುತಾಗಿ ಹಿಡಿದವನು ತಪ್ಪಿದರೆ, ಅದು ಅನುಮಾನದ ತಪ್ಪಲ್ಲ, ಅನುಮಾನಿಸಿದವನ ತಪ್ಪು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿದ್ದಾನೆ. ಹೀಗಿರುವಲ್ಲಿ ಸಂಶಯವು ಸೋಮಾರಿತನಕ್ಕೆ ನೆಪವಾಗಕೂಡದು. ಕಾರಣವು ತಿಳಿಯದೆಂದು ಕೈಚೆಲ್ಲುವವನೂ, ನೋಡದೆಯೇ ತಿಳಿಯಿತೆನ್ನುವವನೂ ಇಬ್ಬರೂ ಕಾಲನ್ನು ಎತ್ತಿ ನೋಡದವರೇ.

ಕಾರಣವು ಒಂದೇ ಇರಬೇಕೆಂಬ ನಿಯಮವೂ ಇಲ್ಲ. ಇದನ್ನು ತೋರಿಸುವ ದೊಡ್ಡ ನಿದರ್ಶನವು ಇಲ್ಲಿಯ ಚರಿತ್ರೆಯಲ್ಲಿಯೇ ಇದೆ. 1791ನೆಯ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿಯ ಕದನದಲ್ಲಿ ಮೇಲುಗೈ ಪಡೆದರೂ ಶ್ರೀರಂಗಪಟ್ಟಣವನ್ನು ಮುತ್ತಲಾರದೆ, ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಸೋಲಿಸಿದವರು ಯಾರು? ಟೀಪುವಿನ ಸವಾರರು ಮೊದಲೇ ಮೇವನ್ನು ಸುಟ್ಟಿದ್ದರು, ಮಳೆ ಹಿಡಿದಿತ್ತು, ದನಗಳಿಗೆ ರೋಗ ತಗುಲಿತ್ತು, ಮರಾಠಾ ಸೇನೆಯು ಸಮೀಪಿಸಿದ ಸುದ್ದಿಯನ್ನು ತರುವ ದೂತರು ದಾರಿಯಲ್ಲಿ ತಡೆಯಲ್ಪಟ್ಟಿದ್ದರು. ಫಿರಂಗಿಗಳು ನಾಶವಾದ ಬಳಿಕ, ಹಿಂದಿರುಗುವ ದಾರಿಯಲ್ಲಿ, ಆ ಸೇನೆಯು ಎದುರಾಯಿತು. ಎಳೆಯುವ ಪಶುಗಳು ಬಿದ್ದುದರಿಂದ ಇಡೀ ದಂಡೇ ಕುಂಟಿತು. ಇವುಗಳಲ್ಲಿ ಒಂದನ್ನೇ ಕಾರಣವೆಂದು ಬೆರಳಿಟ್ಟು ತೋರಿಸಿದರೆ ಕಥೆ ಸುಲಭವಾಗುವುದು, ಸತ್ಯವು ಮಾತ್ರ ಕೈಬಿಟ್ಟುಹೋಗುವುದು.

ಇನ್ನು ಕಾರಣಕ್ಕೂ ದೋಷಕ್ಕೂ ಇರುವ ಭೇದವನ್ನು ವಿಚಾರಿಸತಕ್ಕದ್ದು. ಮೊಳೆಯನ್ನು ಕಿತ್ತಾಗ ಅದರ ರಂಧ್ರದಿಂದ ಕೀವು ಬಂದಿತೆನ್ನೋಣ. ಆಗ ಮೊಳೆಯೇ ಕಾರಣವೆಂಬುದು ಸಿದ್ಧವಾಯಿತು. ಆದರೆ ಲಾಳ ಕಟ್ಟಿದವನು ದೋಷಿಯೆಂಬುದು ಅಷ್ಟರಿಂದಲೇ ಸಿದ್ಧವಾಗದು. ಗೊರಸಿನ ಗೋಡೆ ತೆಳುವಾಗಿದ್ದೀತು. ಹೊಡೆಯುವ ಕ್ಷಣದಲ್ಲಿ ಕುದುರೆ ಕಾಲನ್ನು ಜಗ್ಗಿದ್ದೀತು. ನುರಿತ ಕೈಗೂ ಇದು ಒಮ್ಮೊಮ್ಮೆ ತಪ್ಪದು. ಕೂಲಿಯ ಆಸೆಯಿಂದ ಅವಸರಪಟ್ಟಿದ್ದರೆ, ಕುದುರೆ ಬೆಚ್ಚಿದುದನ್ನು ಕಂಡೂ ಮುಚ್ಚಿಟ್ಟಿದ್ದರೆ ಅದು ದೋಷ. ಮೊದಲನೆಯದನ್ನು ಗೊರಸು ಹೇಳುವುದು. ಎರಡನೆಯದನ್ನು ಆತನನ್ನು ಕೇಳಿಯೇ ತಿಳಿಯಬೇಕು. ಕಾರಣವು ಸಿಕ್ಕೊಡನೆ ಅಪರಾಧಿಯೂ ಸಿಕ್ಕನೆಂದು ತಿಳಿಯುವವರು ಕೇಳುವ ಕೆಲಸವನ್ನೇ ಬಿಟ್ಟುಬಿಡುವರು.

ಹಾಗಾದರೆ ನಿಶ್ಚಯವಾಗುವವರೆಗೆ ಸುಮ್ಮನಿರಬೇಕೇ? ಇಲ್ಲ. ಇಲ್ಲಿಯೇ ಈ ವಿಚಾರದ ಮರ್ಮವಿರುವುದು. ಕುಂಟಿದ ಕುದುರೆಯ ಎದುರಿನಲ್ಲಿ ಮನುಷ್ಯನಿಗೆ ಎರಡು ಕರ್ತವ್ಯಗಳು ಒದಗುವುವು. ನಿಲ್ಲಿಸುವುದು ಒಂದು; ಹೊಣೆಯನ್ನು ಹೊರಿಸುವುದು ಇನ್ನೊಂದು. ನಿಲ್ಲಿಸುವುದಕ್ಕೆ ಕಾರಣದ ಜ್ಞಾನವು ಬೇಕಿಲ್ಲ. ನೋವು ಇದೆಯೆಂಬ ಸಂಶಯವೇ ಸಾಕು. ಹೊಣೆ ಹೊರಿಸುವುದಕ್ಕೆ ಸಂಶಯವು ಸಾಲದು, ಪ್ರಮಾಣವು ಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಹನ್ನೊಂದನೆಯ ಪ್ರಕರಣವು, ರೋಗ, ಗಾಯ, ಅಶಕ್ತತೆಗಳಿಂದ ದುಡಿಯಲಾಗದ ಪ್ರಾಣಿಯನ್ನು ದುಡಿಸುವುದನ್ನು ಅಪರಾಧವೆಂದು ಹೇಳುವಾಗ, ಆ ಗಾಯವು ಯಾರಿಂದಾಯಿತೆಂದು ಕೇಳುವುದಿಲ್ಲ. ಗಂಜಾಮಿನ ದಾರಿಯಲ್ಲಿ ನೆರೆದ ನಾಲ್ವರು ಮಾಡಿದುದು ಇದಕ್ಕೆ ತೀರ ವಿಪರೀತ. ಬಂಡಿಯನ್ನು ಬಿಚ್ಚುವುದಕ್ಕೆ ಅವರು ಪ್ರಮಾಣವನ್ನು ಕೇಳಿದರು. ದೂಷಣೆಗೆ ಊಹೆಯೇ ಸಾಕೆಂದರು.

ನೋವನ್ನು ಅಡಗಿಸಿ ದುಡಿಸುವುದು ಇದಕ್ಕಿಂತಲೂ ಕೀಳಾದುದು. ಕುಂಟುವ ಕುದುರೆಯನ್ನು ಮಾರುವ ಕಪಟಿಗಳು ಅದರ ಎದುರುಕಾಲಿಗೂ ನೋವುಂಟುಮಾಡುವ ಒಂದು ಹಳೆಯ ಮೋಸವುಂಟು. ಎರಡು ಕಾಲುಗಳೂ ಸಮನಾಗಿ ನೊಂದರೆ ತಲೆ ತೂಗುವುದು ನಿಲ್ಲುವುದು. ಹೆಜ್ಜೆ ಗಿಡ್ಡವಾಗುವುದೇ ಹೊರತು ಕುಂಟು ಕಾಣದು. ಕೊಳ್ಳುವವನು ಆರೋಗ್ಯವೆಂದು ನಂಬುವನು. ಮನೆಗಳಲ್ಲಿಯೂ ಸಮಾಜದಲ್ಲಿಯೂ ಎಲ್ಲರೂ ಸಮನಾಗಿ ನೊಂದು ಮೌನವಾಗಿರುವ ಸ್ಥಿತಿಯನ್ನು ಶಾಂತಿಯೆಂದು ಕೊಂಡುಕೊಳ್ಳುವವರು ಇಲ್ಲದಿಲ್ಲ.

ಈ ನ್ಯಾಯವು ಲಾಯಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ನಿನ್ನೆಯವರೆಗೆ ಚೆನ್ನಾಗಿ ಓದುತ್ತಿದ್ದ ಬಾಲಕನು ಇಂದು ಪಾಠದಲ್ಲಿ ಹಿಂದೆ ಬಿದ್ದರೆ ಸೋಮಾರಿಯೆನ್ನುವರು. ಕಣ್ಣು ಮಂಜಾಗಿದೆಯೇ, ಬೆಳಗಿನಿಂದ ಊಟವಾಗಿದೆಯೇ ಎಂದು ಕೇಳರು. ಸೊಸೆಯ ಕೈ ನಿಧಾನವಾದರೆ ಅಹಂಕಾರವೆನ್ನುವರು. ಮುದುಕನು ಮಾತು ಕಡಿಮೆ ಮಾಡಿದರೆ ಮುನಿಸೆನ್ನುವರು. ಇವರಿಗೆಲ್ಲ ಬಾಯುಂಟು; ಆದರೂ ನೋವನ್ನು ಹೇಳಲಾರದ ಸಂದರ್ಭಗಳಲ್ಲಿ ಇವರೂ ಮೂಕಪ್ರಾಣಿಗಳೇ. ಅಂಥವರ ನಡೆ ತಪ್ಪಿದಾಗ ಮೊದಲು ಹೊರೆಯನ್ನು ಇಳಿಸಬೇಕು. ಬಳಿಕ ಬಾಗಿ ಕಾಲನ್ನು ನೋಡಬೇಕು. ಕಂಡುದು ಎಷ್ಟೋ ಅಷ್ಟನ್ನೇ ಹೇಳಬೇಕು. ಈ ಕ್ರಮವನ್ನು ತಲೆಕೆಳಗು ಮಾಡದಿರುವುದೇ ವಿವೇಕಿಯಾದ ಗೃಹಸ್ಥನ ಲಕ್ಷಣ.