ಲಾಲ್‌ಬಾಗಿನ ಬಂಡೆ, ಜಯನಗರದ ಮಣ್ಣು

ಜಯನಗರದಲ್ಲಿ ಮಣ್ಣು ಕಾಣಬೇಕಾದರೆ ಈಗ ಯಾರದಾದರೂ ಹಳೆಯ ಮನೆ ಬೀಳಬೇಕು. ಕಳೆದ ಮಾಗಿಯಲ್ಲಿ ನಮ್ಮ ಬೀದಿಯಲ್ಲಿ ಒಂದು ಬಿತ್ತು. ಹೆಂಚಿನ ಮನೆ, ಮುಂದೆ ಪಾರಿಜಾತದ ಗಿಡ. ಹತ್ತು ದಿನದಲ್ಲಿ ಎರಡೂ ಇಲ್ಲವಾಗಿ, ಅಲ್ಲಿ ಎರಡಾಳು ಆಳದ ಪಾಯದ ಗುಂಡಿ ಬಾಯ್ದೆರೆದಿತ್ತು. ಬೆಳಿಗ್ಗೆ ಹಾಲು ತರಲು ಹೋಗುವ ನಾನು ದಿನವೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲತೊಡಗಿದೆ.

*

ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಮೇಲೆ ಒಂದಡಿ ಕಂದು ಮಣ್ಣು: ಇಟ್ಟಿಗೆ ಚೂರು, ಬೇರು, ಎರೆಹುಳು ಕೊರೆದ ತೂತು. ಅದರ ಕೆಳಗೆ ಮೂರು ನಾಲ್ಕು ಅಡಿ ಕೆಂಪನೆಯ ಒತ್ತಾದ ಜೇಡಿ. ಇನ್ನೂ ಕೆಳಗೆ ಹಳದಿ, ಬಿಳಿ ಮಚ್ಚೆಗಳ ಗರಸು. ತೀರ ತಳದಲ್ಲಿ ನೋಡಲು ಕಲ್ಲು, ಉಗುರು ತಾಗಿಸಿದರೆ ಪುಡಿ. ಆ ಪುಡಿಗಲ್ಲಿನಲ್ಲಿ ಪಟ್ಟೆ ಪಟ್ಟೆಯ ಗೆರೆಗಳು ಮಾತ್ರ ಇನ್ನೂ ಹಾಗೇ ಇದ್ದವು.

*

ಆ ಗೆರೆಗಳನ್ನು ಮೊದಲೇ ನೋಡಿದ್ದೆ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಬುಡದಲ್ಲಿ. ಸುಮಾರು 300 ಕೋಟಿ ವರ್ಷದ ಶಿಲೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಈ ಜಾತಿಯ ಶಿಲೆಗೆ 1916ರಲ್ಲಿ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದಲ್ಲಿದ್ದ ಭೂವಿಜ್ಞಾನಿ ಡಬ್ಲ್ಯು.ಎಫ್. ಸ್ಮೀತ್. ಬೆಳಗಿನ ವಾಕಿಂಗ್ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಅದರ ಅಡಿಗೆ ಕೆಂಪಗೆ ಅಂಟಿರುತ್ತದಲ್ಲ, ಅದೂ ಅದೇ ಕುಲದ ಬಂಡೆ. ವಯಸ್ಸಾಗಿ ಮೆತ್ತಗಾಗಿದೆ, ಅಷ್ಟೆ.

*

ಬಂಡೆ ಮಣ್ಣಾಗುವುದು ಮೂರು ದಾರಿಯಲ್ಲಿ. ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆನೀರಿಗೆ ಸೋತು ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಕಪ್ಪು ಕಾಗೆಬಂಗಾರ ತನ್ನೊಳಗಿನ ಕಬ್ಬಿಣವನ್ನು ಬಿಟ್ಟುಕೊಟ್ಟು, ಆ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬರುತ್ತದೆ. ಬೆಣಚುಕಲ್ಲು ಯಾವುದಕ್ಕೂ ಬಗ್ಗದೆ ಮರಳಾಗಿ ಉಳಿಯುತ್ತದೆ. ಒಂದೇ ಮನೆಯ ಮೂವರು ಮಕ್ಕಳ ಹಾಗೆ.

*

‘ಎಲ್ಲ ಮಣ್ಣುಪಾಲಾಯಿತು’ ಎಂದು ಕಣ್ಣೊರೆಸಿಕೊಳ್ಳುತ್ತೇವೆ. ಬಂಡೆ ಮಣ್ಣುಪಾಲಾದದ್ದರಿಂದಲೇ ನಮಗೆ ರಾಗಿಮುದ್ದೆ ಸಿಕ್ಕಿದ್ದು.

*

ಅಕ್ಕನ ಮಗಳು ಒಹಾಯೋದಲ್ಲಿದ್ದಾಳೆ. ಹಿತ್ತಿಲಲ್ಲಿ ಮೆಂತ್ಯ, ದಂಟು ಹಾಕಲು ಹೋಗಿ ಸೋತು ಫೋನು ಮಾಡಿದಳು. ‘ಮಾಮ, ಇಲ್ಲಿ ಅಗೆದರೆ ಒಂದೇ ಸಮ ಅಂಟು. ಮಧ್ಯೆ ಮಧ್ಯೆ ಉರುಟು ಕಲ್ಲು. ಒಂದರ ಹಾಗೆ ಇನ್ನೊಂದಿಲ್ಲ.’ ಅದು ಹಿಮನದಿ ತಂದು ಸುರಿದ ಮಣ್ಣು. ಸಾವಿರಾರು ಅಡಿ ದಪ್ಪದ ಮಂಜುಗಡ್ಡೆ ಉತ್ತರದಿಂದ ಸರಿದು ಬರುತ್ತ ಸಿಕ್ಕ ಕಲ್ಲನ್ನೆಲ್ಲ ಬೀಸುಕಲ್ಲಿನಲ್ಲಿ ಹಾಕಿದಂತೆ ಅರೆದು, ಹಿಟ್ಟು ನುಚ್ಚು ಗುಂಡು ಎಲ್ಲವನ್ನೂ ಬೇರ್ಪಡಿಸದೆ ಅಲ್ಲೇ ಬಿಟ್ಟು ಕರಗಿಹೋಯಿತು. ಅಲ್ಲಿ ಅರೆದದ್ದು ಹಿಮ. ಇಲ್ಲಿ ಬೇಯಿಸಿದ್ದು ಬಿಸಿಲು ಮತ್ತು ಮಳೆ.

*

ಇಷ್ಟಾದರೂ ಅವಳ ಹಿತ್ತಿಲ ಕಡೆಯ ‘ಬ್ಲೌಂಟ್’ ಮಣ್ಣು, ನಮ್ಮ ಬೆಂಗಳೂರಿನ ಕೆಮ್ಮಣ್ಣು, ಎರಡೂ ವಿಜ್ಞಾನದ ಲೆಕ್ಕದಲ್ಲಿ ಒಂದೇ ಗಣಕ್ಕೆ ಸೇರುತ್ತವೆ. ಆ ಗಣದ ಹೆಸರು ಆಲ್ಫಿಸಾಲ್. ಇದನ್ನು ಮೊದಲು ಓದಿದ ದಿನ ನನಗೆ ನಂಬಿಕೆಯಾಗಲಿಲ್ಲ. ಹುಟ್ಟು ಬೇರೆ, ಬಣ್ಣ ಬೇರೆ, ವಯಸ್ಸು ಬೇರೆ. ಹಿಮ ಹಿಂದೆ ಸರಿದು ಅಲ್ಲಿ ಹದಿನೈದು ಸಾವಿರ ವರ್ಷವಾಗಿರಬಹುದು. ನಮ್ಮದು ಲಕ್ಷ ಲಕ್ಷ ವರ್ಷಗಳ ಬೇಯುವಿಕೆ. ಹಾಗಾದರೆ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಯಾವುದು?

*

ಉತ್ತರ ಆ ಗುಂಡಿಯಲ್ಲೇ ಸಿಕ್ಕಿತು. ಮೇಸ್ತ್ರಿಯನ್ನು ಕೇಳಿಕೊಂಡು ಕೆಂಪು ಪದರದಿಂದ ಒಂದು ಹೆಂಟೆ ತೆಗೆದುಕೊಂಡೆ. ‘ಅದು ಬರೀ ಜೇಡಿ ಸಾರ್, ಕುಂಡಕ್ಕೆ ಆಗಲ್ಲ. ನೀರು ಬಿದ್ರೆ ಕಾಲು ಬಿಡಲ್ಲ, ಒಣಗಿದ್ರೆ ಗುದ್ದಲಿ ಇಳಿಯಲ್ಲ’ ಎಂದರು. ಮನೆಗೆ ತಂದು ಕಿಟಕಿಯ ಬೆಳಕಿನಲ್ಲಿ ಮೆಲ್ಲನೆ ಮುರಿದೆ. ಒಡೆದ ಮುಖದ ಮೇಲೆ ಎಣ್ಣೆ ಕೈಯಲ್ಲಿ ಸವರಿದಂಥ ಮಿರುಗು. ಭೂತಗನ್ನಡಿ ಹಿಡಿದರೆ ಆ ಮಿರುಗು ತೆಳುವಾದ ಪೊರೆಯೆಂದು ಕಾಣುತ್ತದೆ. ಬೇರು ಹೋದ ತೂತುಗಳ ಒಳಗೋಡೆಗೂ ಅದೇ ಪೊರೆ. ಮಳೆನೀರು ಮೇಲ್ಪದರದ ಅತಿ ಸಣ್ಣ ಜೇಡಿಕಣಗಳನ್ನು ಹೊತ್ತು, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಂತೆ ಇಳಿದು, ಕೆಳಗೆ ಒಣಗುವಾಗ ಅವನ್ನು ಅಲ್ಲಿ ಬಿಟ್ಟುಹೋಗಿದೆ. ಒಹಾಯೋದ ಹೊಲದಡಿಯಲ್ಲೂ ಇದೇ ಪೊರೆ ಉಂಟು.

*

ಆಲ್ಫಿಸಾಲ್ ಗಣದ ಗುರುತೇ ಇದು. ಮೇಲ್ಪದರದಲ್ಲಿ ಜೇಡಿ ನೂರಕ್ಕೆ 20 ಇದ್ದರೆ, ಕೆಳಪದರದಲ್ಲಿ ಕಡಿಮೆಯೆಂದರೂ 24 ಇರಬೇಕು. ಜೊತೆಗೆ ಆಳದಲ್ಲಿ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್‌ನಂಥ ಪೋಷಕಗಳು ಜೇಡಿಯ ಹಿಡಿತದಲ್ಲಿ ನೂರಕ್ಕೆ 35 ಪಾಲಾದರೂ ಉಳಿದಿರಬೇಕು. ಮಲೆನಾಡಿನಂಥ ಭಾರಿ ಮಳೆಯ ಕಡೆ ಅದೂ ತೊಳೆದುಹೋದರೆ ಗಣವೇ ಬದಲಾಗುತ್ತದೆ. ಮೇಲಿನ ಒಂದು ಗೇಣು ನೋಡಿ ಮಣ್ಣಿಗೆ ಹೆಸರಿಡುವಂತಿಲ್ಲ. ಎಷ್ಟು ಕಳೆದುಕೊಂಡಿತು, ಕಳೆದುಕೊಂಡದ್ದನ್ನು ಎಲ್ಲಿ ಜೋಪಾನ ಮಾಡಿತು ಎಂಬುದೇ ಅದರ ಗುರುತು.

*

ಜೇಡಿ ಎಂದರೆ ಎಷ್ಟು ಸಣ್ಣದು? ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದು. ಉಪ್ಪಿನಕಾಯಿಯ ಗಾಜಿನ ಸೀಸೆಯಲ್ಲಿ ಒಂದು ಮುಷ್ಟಿ ಮಣ್ಣು, ಮೇಲೆ ನೀರು ಹಾಕಿ ಕುಲುಕಿ ಇಟ್ಟೆ. ಮರಳು ನಿಮಿಷದೊಳಗೆ ತಳ ಸೇರಿತು. ಗೋಡು ಸಂಜೆಯ ಹೊತ್ತಿಗೆ ಇಳಿಯಿತು. ಜೇಡಿ ಮೂರನೆಯ ದಿನವೂ ನೀರನ್ನು ಕೆಂಪಗೇ ಇಟ್ಟಿತ್ತು.

*

ಜೇಡಿಯಲ್ಲೂ ಜಾತಿಯುಂಟು. ಎರೆಭೂಮಿಯ ಸ್ಮೆಕ್ಟೈಟ್ ಒಂದೇ ಒಂದು ಗ್ರಾಮಿನ ಒಳಹೊರಗಿನ ಮೈಯೆಲ್ಲ ಬಿಡಿಸಿ ಹಾಸಿದರೆ ಮೂವತ್ತು-ನಲವತ್ತು ಅಡಿಯ ಆರು ಸೈಟು ತುಂಬುತ್ತದೆ. ನಮ್ಮ ಕೆಯೊಲಿನೈಟ್ ಗ್ರಾಮಿಗೆ ಒಂದು ಮಲಗುವ ಕೋಣೆಯಷ್ಟು ಹಾಸಿದರೆ ಹೆಚ್ಚು. ಅದಕ್ಕೇ ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಕೆಂಪು ಜೇಡಿ ಅಷ್ಟು ಕುಡಿಯದು, ಅಷ್ಟು ಬಿರಿಯದು. ಗೊಬ್ಬರವನ್ನು ಹೆಚ್ಚು ಹೊತ್ತು ಹಿಡಿದಿಡಲೂ ಆರದು. ಅದಕ್ಕೆ ಒಂದೇ ಸಲ ಸುರಿಯುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಹಳ್ಳಿಯ ರೈತರು ಇದನ್ನು ಲ್ಯಾಬಿಗೆ ಹೋಗದೆ ಬಲ್ಲರು.

*

ಬೆಂಗಳೂರಿನ ಸುತ್ತಲ ಕೆಂಪು ಜೇಡಿಗೆ ಮಾದರಿಯಾಗಿ ಇಟ್ಟುಕೊಂಡಿರುವ ಒಂದು ಮಣ್ಣಿನ ಶ್ರೇಣಿಗೆ ‘ವಿಜಯಪುರ’ ಎಂದು ಹೆಸರು. ಗೋಲಗುಮ್ಮಟದ ವಿಜಯಪುರವೆಂದು ಭ್ರಮಿಸಬಾರದು. ಇದು ದೇವನಹಳ್ಳಿ ತಾಲ್ಲೂಕಿನದು. ಅದರ ಶಾಸ್ತ್ರೀಯ ಹೆಸರು ಕ್ಯಾಂಡಿ-ಉಸ್ಟ್-ಆಲ್ಫ್. ಕೇಳಲು ಕಬ್ಬಿಣದ ಕಡಲೆ. ಬಿಡಿಸಿದರೆ ನಮ್ಮ ಹೆಸರುಗಳ ಹಾಗೇ. ಡಿ.ವಿ.ಜಿ. ಎಂದರೆ ದೇವನಹಳ್ಳಿ ಊರು, ವೆಂಕಟರಮಣಯ್ಯ ತಂದೆ, ಗುಂಡಪ್ಪ ತಾವು. ಮಣ್ಣಿನ ಹೆಸರನ್ನು ಬಾಲದಿಂದ ಓದಬೇಕು: ಆಲ್ಫ್ ಎಂದರೆ ಗಣ, ಅಲ್ಯುಮಿನಿಯಂ ಮತ್ತು ಕಬ್ಬಿಣದ ಮನೆತನ. ಉಸ್ಟ್ ಎಂದರೆ ಮಳೆಗಾಲ ಬಿಟ್ಟರೆ ಒಣಗುವ ನೆಲ. ಕ್ಯಾಂಡಿ ಎಂದರೆ ಒಳಗಿರುವುದು ಕೆಯೊಲಿನೈಟ್ ಜಾತಿಯ ಜೇಡಿ. ಒಂದು ಪದದಲ್ಲಿ ಕುಲ, ಹವೆ, ಸ್ವಭಾವ ಮೂರೂ ಬಂದವು.

*

ಮೈಸೂರು ಸಂಸ್ಥಾನ ಮಣ್ಣನ್ನು ವಿದ್ಯೆಯ ವಿಷಯವಾಗಿ ನೋಡಲು ತೊಡಗಿದ್ದು ಬೇಗ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಕೃಷಿ ಪ್ರಯೋಗಕ್ಷೇತ್ರಕ್ಕೆ ನೆಲೆ ಮಾಡಿದರು; ಮಣ್ಣು ಮತ್ತು ಬೆಳೆಯ ಸಂಬಂಧ ಶೋಧಿಸಲು ಡಾ. ಲೇಮನ್ ಅವರು ನೇಮಕವಾದರು. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಊರಿನ ಉತ್ತರ ತುದಿಯಲ್ಲಿ ಇಷ್ಟು ತಿಳಿದವರಿದ್ದಾರೆ; ದಕ್ಷಿಣ ತುದಿಯಲ್ಲಿ ನಾವು ಆ ಮಣ್ಣನ್ನು ಲಾರಿಗೆ ತುಂಬಿಸಿ ಎಲ್ಲಾದರೂ ಸುರಿದು ಬಾ ಎನ್ನುತ್ತೇವೆ.

*

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಾರ್ತಿಕದ ಕೊನೆಯ ಸೋಮವಾರ ಹೋಗುವವರು ಒಮ್ಮೆ ಯೋಚಿಸಬೇಕು: ಇಲ್ಲಿ ಕಡಲೆಕಾಯಿಯೇ ಏಕೆ? ಅದು ಮೇಲೆ ಹೂಬಿಟ್ಟು ನೆಲದೊಳಗೆ ಕಾಯಿ ಕಟ್ಟುವ ಗಿಡ. ಹೂವಿನಿಂದ ಹೊರಟ ಊಡು ನೆಲಕ್ಕೆ ಇಳಿಯಲು ಮೇಲೆ ಸಡಿಲ ಮರಳುಮಿಶ್ರಿತ ಮಣ್ಣು ಬೇಕು, ಮಳೆ ಕೈಕೊಟ್ಟ ವಾರದಲ್ಲಿ ಬೇರಿಗೆ ತೇವ ಕೊಡಲು ಕೆಳಗೆ ಜೇಡಿ ಬೇಕು. ಎರಡೂ ಈ ನೆಲದಲ್ಲಿ ಒಂದರ ಮೇಲೊಂದು ಇದ್ದವು. ಗುಟ್ಟಹಳ್ಳಿ, ಮಾವಳ್ಳಿಯ ಹೊಲಗಳು ಹೋದವು. ಪರಿಷೆ ಉಳಿದಿದೆ, ಕಾಯಿ ಬೇರೆ ಊರುಗಳಿಂದ ಬರುತ್ತದೆ.

*

ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು ಅಡಗಿವೆ. ನಡುವಿನ ಹೆಸರೇ ಕೆರೆ. ದಿಣ್ಣೆಯ ಕೆಂಪು ಜೇಡಿ ಮಳೆಯಲ್ಲಿ ಕೊಚ್ಚಿ ತಗ್ಗಿಗೆ ಇಳಿದು, ಕೆರೆಯಂಗಳದಲ್ಲಿ ಗಾಳಿ ಸಿಗದೆ ಬೂದುಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ಅದೇ; ಉಸಿರು ಸಿಕ್ಕರೆ ಕೆಂಪು, ಉಸಿರು ಕಟ್ಟಿದರೆ ಬೂದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಆ ಗೋಡನ್ನು ಗಾಡಿಯಲ್ಲಿ ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಮಳೆ ಇಳಿಸಿದ್ದನ್ನು ಎತ್ತು ಹತ್ತಿಸುತ್ತಿತ್ತು. ಎಷ್ಟು ತಲೆಮಾರು ಈ ಲೆಕ್ಕ ಸರಿದೂಗಿತ್ತೋ.

*

ಗೌರಿ ಹಬ್ಬದ ಹಿಂದಿನ ವಾರ ನಾಲ್ಕನೇ ಬ್ಲಾಕಿನಲ್ಲಿ ಬಣ್ಣವಿಲ್ಲದ ಗಣಪತಿಯನ್ನು ಹುಡುಕಿ ತರುವವನು ನಾನು. ಕೈಯಲ್ಲಿ ಎತ್ತಿಕೊಂಡಾಗ ತಣ್ಣಗಿರಬೇಕು, ಭಾರವಿರಬೇಕು. ಬರಿ ಮರಳಿನಿಂದ ಸೊಂಡಿಲು ನಿಲ್ಲದು. ಜೇಡಿ ಹೇಳಿದಂತೆ ಕೇಳುತ್ತದೆ, ಕೇಳಿದ್ದನ್ನು ಮರೆಯುವುದಿಲ್ಲ, ನೀರಿಗಿಟ್ಟ ದಿನ ಹಟ ಮಾಡದೆ ಕರಗುತ್ತದೆ. ಯಡಿಯೂರು ಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಅದು ಕರಗುವುದನ್ನು ನೋಡುತ್ತಿದ್ದಾಗ ಪ್ರತಿವರ್ಷ ನನ್ನ ಗಂಟಲು ಕಟ್ಟುತ್ತದೆ.

*

ಮಣ್ಣು ಹದಕ್ಕೆ ಬರುವವರೆಗೆ ಕಾಯಬೇಕು. ಹಸಿಯಿದ್ದಾಗ ತುಳಿದರೆ ಜೇಡಿ ಇಟ್ಟಿಗೆಯಾಗುತ್ತದೆ, ಒಣಗಿದ ಮೇಲೆ ಬಡಿದರೆ ಧೂಳಾಗುತ್ತದೆ. ನಡುವೆ ಎರಡೋ ಮೂರೋ ದಿನ ಅದು ತಾನಾಗಿ ಒಪ್ಪಿಕೊಳ್ಳುತ್ತದೆ.

*

ಒಹಾಯೋದ ರೈತರು ಹೊಲದಡಿ ಕೊಳವೆ ಹೂತು ಅಂಟುಮಣ್ಣಿನಿಂದ ನೀರನ್ನು ಹೊರಕ್ಕೆ ಕಳಿಸುತ್ತಾರೆ. ನಾವು ನೀರನ್ನು ಒಳಕ್ಕೆ ಕಳಿಸಲು ಹೆಣಗಬೇಕಾಗಿದೆ. ಭೋವಿ ಸಮುದಾಯದ ಬಾವಿ ತೋಡುವವರು ಈ ನೆಲವನ್ನು ಕಾಲಬೆರಳಿನಿಂದ ಗುರುತಿಸಬಲ್ಲರು: ಜೇಡಿ ದಾಟಿತು, ಗರಸು ಬಂತು, ಕೊಳೆಗಲ್ಲು ಬಂತು. ಮಳೆನೀರು ಸರಾಗವಾಗಿ ಓಡಾಡುವುದು ಆ ಗರಸು, ಕೊಳೆಗಲ್ಲಿನಲ್ಲಿ. ಇಂಗುಬಾವಿಯನ್ನು ಜೇಡಿಯಲ್ಲೇ ನಿಲ್ಲಿಸಿದರೆ ನೀರು ನಿಂತು ಸೊಳ್ಳೆಯಾಗುತ್ತದೆ. ಜೇಡಿ ದಾಟಿಸಿದರೆ ಬೀದಿಗೇ ತಂಪಾಗುತ್ತದೆ. ಜಯನಗರದಲ್ಲೇ ಜಲಮಂಡಳಿಯ ಮಳೆಕೊಯ್ಲು ಉದ್ಯಾನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದು. ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ಹೋಗುವ ಮುನ್ನ ಒಂದು ಗಂಟೆ ಅಲ್ಲಿಗೆ ಹೋಗಿಬರಲಿ.

*

ಪಾರಿಜಾತವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿದೆ. ಗೇಟಿನಿಂದ ಗೇಟಿಗೆ ಗ್ರಾನೈಟು ಹಾಸಿದ್ದಾರೆ. ಅಂಥದೇ ಪುರಾತನ ಕಲ್ಲು, ಈ ಸಲ ಪಾಲಿಶ್ ಹಾಕಿಸಿಕೊಂಡು ತನ್ನ ಮಣ್ಣಿನ ಮೇಲೇ ಮಲಗಿದೆ. ಕಳೆದ ತಿಂಗಳ ಮಳೆಗೆ ಅಲ್ಲಿಂದ ಹರಿದ ನೀರು ರಸ್ತೆ ತುಂಬಿತು. ಒಂದು ಹನಿಯೂ ಕೆಳಗಿಳಿಯಲಿಲ್ಲ. ಮಳೆನೀರು ಅಷ್ಟು ಕಾಲ ಜೇಡಿಯ ಆ ಪೊರೆ ಕಟ್ಟುತ್ತ ಬಂದದ್ದು ನಮ್ಮ ಬೀದಿಯಲ್ಲಿ ಹಾಗೆ ನಿಂತಿತು.

*

ನೀವು ಮನೆ ಕಟ್ಟಿಸುವವರಾದರೆ ಒಂದು ಮಾತು. ಪಾಯ ತೋಡುವ ದಿನ ಎದುರಿಗೆ ನಿಂತಿರಿ. ಮೇಲಿನ ಒಂದಡಿ ಕಂದು ಮಣ್ಣನ್ನು ಬೇರೆ ರಾಶಿ ಹಾಕಿಸಿ, ಕೆಳಗಿನ ಕೆಂಪು ಜೇಡಿಯ ಜೊತೆ ಬೆರೆಸಲು ಬಿಡಬೇಡಿ, ಲಾರಿಗೆ ಕೊಡಬೇಡಿ. ಮೇಲೊಂದು ಗೋಣಿತಾಟು ಹೊದಿಸಿ ಇಡಿ. ಕೆಲಸ ಮುಗಿದ ಮೇಲೆ ಕಾಂಪೌಂಡಿನ ಒಳಗೆ ನಾಲ್ಕಡಿ ಅಗಲ ಬಿಟ್ಟು ಅದನ್ನೇ ವಾಪಸು ಹರಡಿ, ಒಂದು ಪಾರಿಜಾತ ನೆಡಿ.