ಗಡಿಯಾಚೆಯ ದನಿ

ಕಾನೂನಿನ ಕೈಗೆಟುಕದ ಜಾಗದಲ್ಲಿ ನಿಂತು ಮಾತಾಡುವುದು ಧೈರ್ಯವೋ, ಬರೀ ಜಾಣತನವೋ?

ಇಂಗ್ಲೆಂಡಿನಲ್ಲಿ ರೇಡಿಯೋ ಎಂದರೆ ಬಿಬಿಸಿ ಮಾತ್ರ ಎಂಬಂತಿದ್ದ ಕಾಲ. 1964ರಲ್ಲಿ ರೇಡಿಯೋ ಕ್ಯಾರೊಲೈನ್ ಹಡಗು ಅಲ್ಲಿನ ಪೂರ್ವ ಕರಾವಳಿಯಿಂದ ಮೂರು ಮೈಲಿ ಆಚೆ ಲಂಗರು ಹಾಕಿ ಹಾಡು ಬಿತ್ತರಿಸತೊಡಗಿತು. ದೇಶದ ಜಲಗಡಿ ಆಗ ಮೂರು ಮೈಲಿಗೇ ಮುಗಿಯುತ್ತಿತ್ತು. ಹಡಗನ್ನು ಮುಟ್ಟಲಾಗದ ಸರ್ಕಾರ, 1967ರಲ್ಲಿ ಅದಕ್ಕೆ ಜಾಹೀರಾತು, ಸಾಮಗ್ರಿ ಒದಗಿಸುವುದನ್ನೇ ಅಪರಾಧವಾಗಿಸಿತು.

1973ರಲ್ಲಿ ಇನ್ನೊಂದು ಹಡಗು ಟೆಲ್ ಅವೀವ್ ಎದುರಿನ ಕಡಲಿನಲ್ಲಿ ನಿಂತಿತು. ಹೆಸರು 'ಶಾಂತಿಯ ದನಿ'. ಅದರ ಒಡೆಯ ಏಬಿ ನಾಥನ್, ಬಾಲ್ಯವನ್ನು ಮುಂಬೈಯಲ್ಲಿ ಕಳೆದ ಯಹೂದಿ. ಅರಬರಿಗೂ ಯಹೂದಿಯರಿಗೂ ಒಂದೇ ಹಾಡು ಕೇಳಿಸಬೇಕೆಂಬುದು ಅವರ ಹಂಬಲ. ಈ ಹಡಗೂ ಜಾಹೀರಾತಿನ ಹಣ ಪಡೆಯಿತು, ಇದೂ ಜಲಗಡಿಯ ಹೊರಗೇ ನಿಂತಿತು. ಹಾಗಾದರೆ ವ್ಯತ್ಯಾಸವೆಲ್ಲಿ?

ನಾಥನ್ ಕಡಲಿನ ಆಸರೆಯಲ್ಲೇ ಉಳಿಯಲಿಲ್ಲ. ದಡದಲ್ಲೂ ಅದೇ ಮಾತಾಡಿದರು. ನಿಷೇಧವಿದ್ದರೂ ಯಾಸರ್ ಅರಾಫತ್‌ರನ್ನು ಭೇಟಿಯಾಗಿ, 1989ರಲ್ಲಿ ಇಸ್ರೇಲಿನ ಜೈಲು ಸೇರಿದರು. ಹಡಗು 1993ರಲ್ಲಿ ಮೌನವಾಯಿತು. ಶಾಂತಿ ಇನ್ನೂ ಬಂದಿಲ್ಲ.

ಗಡಿಯಾಚೆ ನಿಂತರೆ ದನಿಗೆ ರಕ್ಷಣೆ ಸಿಗಬಹುದು. ಆ ದನಿಯ ಬೆಲೆ ತಿಳಿಯುವುದು ಮಾತ್ರ, ಅದನ್ನಾಡಿದವನು ದಡಕ್ಕೆ ಮರಳಿದಾಗಲೇ.