ಅಂಟಿಸಿಕೊಳ್ಳಬೇಡ ಅಂದರೆ?

ಅಪ್ಪ ಶನಿವಾರ ಬೆಳಗ್ಗೆ ಗೀತೆಯ 15ನೇ ಅಧ್ಯಾಯ ಓದುತ್ತಿದ್ದರು. ಸಂಸಾರವೆಂಬ ಅಶ್ವತ್ಥವನ್ನು ಅಸಂಗವೆಂಬ ಆಯುಧದಿಂದ ಕಡಿಯಬೇಕು ಅನ್ನುವಲ್ಲಿ ಅವರ ದನಿ ತುಸು ಏರುತ್ತಿತ್ತು. ಹಾಗೆ ಏರಿದ ಹೊತ್ತಿಗೇ ಒಂದು ಸಲ ಅಡುಗೆಮನೆಯಲ್ಲಿ ಅಮ್ಮ ಈಳಿಗೆಮಣೆಗೆ ಬೆರಳು ಕೊಯ್ದುಕೊಂಡಳು. ಅಪ್ಪ ಪುಸ್ತಕ ಬೋರಲು ಹಾಕಿ ಓಡಿ, ಅರಿಸಿನ ಮೆತ್ತಿ, ರಕ್ತ ನಿಲ್ಲುವ ತನಕ ಆ ಬೆರಳನ್ನು ಅದುಮಿಕೊಂಡು ಕೂತರು. ಆಮೇಲೆ ಬಂದು, ಬಿಟ್ಟ ಶ್ಲೋಕದಿಂದಲೇ ಮುಂದುವರಿಸಿದರು. ನನಗೆ ನಗು ಬಂದಿತ್ತು.

ರಕ್ತಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಸೇರಿ, ಪಿ-ಸೆಲೆಕ್ಟಿನ್ ಬಗ್ಗೆ ಓದಿದ ಮೇಲೆ ಆ ನಗು ಇಂಗಿತು. ಅಂಟುವುದಕ್ಕೆಂದೇ ಇರುವ ಪ್ರೋಟೀನು ಇದು. ಆದರೆ ಸುಮ್ಮನಿದ್ದಾಗ ಹೊರಗೆ ಕಾಣಿಸಿಕೊಳ್ಳುವುದೇ ಅಪರೂಪ. ಪ್ಲೇಟ್‌ಲೆಟ್ಟಿನ ಆಲ್ಫಾ ಕಣಗಳೊಳಗೆ ಅಡಗಿರುತ್ತದೆ. ರಕ್ತನಾಳದ ಒಳಪದರದ ಕೋಶಗಳಲ್ಲೂ ಅಷ್ಟೆ; ಅಲ್ಲಿ ಅದರ ಡಬ್ಬಿ ಪುಟ್ಟ ಕಡ್ಡಿಯಾಕಾರದ್ದು, 1964ರಲ್ಲಿ ವೈಬೆಲ್ ಮತ್ತು ಪಲಾಡೆ ವಿವರಿಸಿದ್ದು. ಗಾಯವಾಯಿತೋ, ನಿಮಿಷಗಳಲ್ಲಿ ಕೋಶದ ಮೈಮೇಲೆ ಹಾಜರು. ರಭಸದಲ್ಲಿ ಹೋಗುತ್ತಿದ್ದ ಬಿಳಿ ರಕ್ತಕಣ ಅದಕ್ಕೆ ತಗುಲಿ, ಬಿಡಿಸಿಕೊಂಡು, ಮತ್ತೆ ತಗುಲಿ, ನಾಳದ ಗೋಡೆಗುಂಟ ನಿಧಾನ ಉರುಳುತ್ತದೆ. ಆಮೇಲೆ ನಾಳದ ಕೋಶ ತನ್ನ ಅಂಟನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಇನ್ನೊಂದು ಸೋಜಿಗ 2003ರಲ್ಲಿ ಗೊತ್ತಾದದ್ದು: ಈ ಹಿಡಿತವನ್ನು ಎಳೆದರೆ ಮೊದಮೊದಲು ಹೆಚ್ಚು ಹೊತ್ತು ನಿಲ್ಲುತ್ತದೆ, ಎಳೆತ ಮಿತಿ ಮೀರಿದರೆ ಮಾತ್ರ ಬೇಗ ಕಳಚುತ್ತದೆ.

ಹಾಗಂತ ಅಂಟನ್ನು ಹೊಗಳಿಕೊಂಡೇ ಕೂರುವಂತಿಲ್ಲ. ಸಿಕಲ್ ಸೆಲ್ ಕಾಯಿಲೆಯವರಲ್ಲಿ ಇದೇ ಪಿ-ಸೆಲೆಕ್ಟಿನ್ ಹೊತ್ತುಗೊತ್ತಿಲ್ಲದೆ ಹೊರಬಂದು, ಕಣಗಳು ಒಂದಕ್ಕೊಂದು ಅಂಟಿ, ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಆ ನೋವು ಶತ್ರುವಿಗೂ ಬೇಡ. ಇದನ್ನು ತಡೆಯುವ ಕ್ರಿಜಾನ್‌ಲಿಜುಮ್ಯಾಬ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ಪ್ರಯೋಗದಲ್ಲಿ ಅದು ಹುಸಿಮದ್ದಿಗಿಂತ ಮೇಲೆಂದು ಸಾಬೀತಾಗದೆ, 2023ರಲ್ಲಿ ಯುರೋಪು ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು.

ವೈರಾಗ್ಯಕ್ಕೆ ತಾವರೆ ಎಲೆಯ ಉಪಮೆ ಕೊಡುತ್ತಾರೆ. ಅದಕ್ಕೆ ನೀರು ಅಂಟದು, ನಿಜ. ಆದರೆ ಆ ಎಲೆ ಯಾರ ರಕ್ತವನ್ನೂ ನಿಲ್ಲಿಸಬೇಕಾಗಿಲ್ಲವಲ್ಲ! ನನಗೆ ಕಂಡ ಅಸಂಗ ಅಪ್ಪನದು: ಕರೆದಾಗ ಓಡಿದ್ದು, ಬಿಗಿಯಾಗಿ ಹಿಡಿದದ್ದು, ರಕ್ತ ನಿಂತ ಮೇಲೆ ಕೈ ಬಿಟ್ಟದ್ದು. ಕಡಿಯುವ ಆಯುಧದ ಮಾತು ಅವರ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ.

ಆ ಗೀತೆಯ ಪುಸ್ತಕ ಈಗ ನನ್ನ ಹತ್ತಿರ ಇದೆ. 15ನೇ ಅಧ್ಯಾಯದ ಪುಟದಂಚಿನಲ್ಲಿ ಅರಿಸಿನದ ಹೆಬ್ಬೆರಳ ಗುರುತು ಇನ್ನೂ ಹೋಗಿಲ್ಲ.